ಗೋಡೆಯ ಗುಣವರಿತು ರೋಲರ್ ಹಿಡಿ

ಗುಂಡ್ಲುಪೇಟೆಯಿಂದ ಚಾಮರಾಜನಗರಕ್ಕೆ ಹೋಗುವ ದಾರಿಯಲ್ಲಿರುವ ತೆರಕಣಾಂಬಿ ಹಳೆಯ ದೇಗುಲಗಳ ಊರು. ಹಳೆಯ ಮನೆಗಳ ಊರೂ ಹೌದು. ಅಂಥದೊಂದು ಮನೆಯನ್ನು ವಾಚಕರು ಮನಸ್ಸಿನಲ್ಲಿ ಚಿತ್ರಿಸಿಕೊಳ್ಳಲಿ. ಮುಂಭಾಗದಲ್ಲಿ ಅಜ್ಜನ ಕಾಲದ ಮಣ್ಣಿನ ಗೋಡೆ, ಅದರ ಮೇಲೆ ಸುಣ್ಣದ ಗಾರೆ, ನೆತ್ತಿಯ ಮೇಲೆ ಜಂತೆ ಜೋಡಿಸಿ ಇಟ್ಟಿಗೆ ಕೂರಿಸಿದ ಮದ್ರಾಸ್ ತಾರಸಿ. ಹಿಂಭಾಗದಲ್ಲಿ ಮಗ ಕಟ್ಟಿಸಿದ ಸಿಮೆಂಟಿನ ಎರಡು ಕೋಣೆಗಳು. ಅವುಗಳಲ್ಲೊಂದರ ಛಾವಣಿಗೆ ಅಂದಕ್ಕೆಂದು ಚಿಮುಕಿಸಿದ ಒರಟು ಗಾರೆ. ಮೊಮ್ಮಗಳ ಮದುವೆ ನಿಶ್ಚಯವಾಗಿದೆ. ಬಂಧುಬಳಗ ಬರುವುದರೊಳಗೆ ಮನೆ ಬೆಳಗಬೇಕು.

ಮಗ ಗುಂಡ್ಲುಪೇಟೆಗೆ ಹೋಗಿ ಒಂದು ರೋಲರನ್ನೂ ಎರಡು ಡಬ್ಬ ಎಮಲ್ಷನ್ ಬಣ್ಣವನ್ನೂ ತಂದಿಳಿಸಿದ. ತಾಯಿ ಅದನ್ನು ನೋಡಿ, “ಮುಂದಿನ ಗೋಡೆಗೆ ಇದ ಬಳೀಬ್ಯಾಡ ಕಣ್ ಮಗ, ಅದ್ಕೆ ಉಸುರು ಕಟ್ತದೆ” ಎಂದರು. “ಕಾಲ ಎಲ್ಲಿಗೆ ಬಂತವ್ವ, ಇನ್ನೂ ಸುಣ್ಣವೆ?” ಎಂದು ಮಗ ನಕ್ಕ.

ಇಬ್ಬರಲ್ಲಿ ಯಾರ ಮಾತು ಸರಿ? ಅರ್ಧ ಮನೆಗೆ ತಾಯಿಯ ಮಾತು, ಇನ್ನರ್ಧಕ್ಕೆ ಮಗನ ಮಾತು ಎಂಬುದೇ ಇದಕ್ಕೆ ಉತ್ತರ.

ಮಣ್ಣಿನ ಗೋಡೆ ನೆಲದ ತೇವವನ್ನು ಹೀರುತ್ತದೆ. ಮೇ ತಿಂಗಳಲ್ಲೊಮ್ಮೆ, ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಮತ್ತೊಮ್ಮೆ ಮಳೆ ಕಾಣುವ ಈ ಸೀಮೆಯಲ್ಲಿ ಆ ತೇವ ಹೊರಹೋಗಲು ದಾರಿ ಬೇಕು. ಸುಣ್ಣ ಆ ದಾರಿಯನ್ನು ತೆರೆದಿಡುತ್ತದೆ. ಎಮಲ್ಷನ್ ಬಣ್ಣವಾದರೋ ಗೋಡೆಯ ಮೇಲೆ ತೆಳುವಾದ ಪೊರೆಯಾಗಿ ಕೂರುತ್ತದೆ. ಒಳಗಿನ ತೇವ ಪೊರೆಯನ್ನು ತಳ್ಳುತ್ತದೆ, ಬಣ್ಣ ಬೊಬ್ಬೆಯೇಳುತ್ತದೆ, ಮರುವರ್ಷ ಗಾರೆಯ ಸಮೇತ ಉದುರುತ್ತದೆ. ‘ಉಸಿರು ಕಟ್ಟುತ್ತದೆ’ ಎಂಬ ಮುದುಕಿಯ ಮಾತು ಕೇವಲ ಅಲಂಕಾರವಲ್ಲ.

ಹಾಗಾದರೆ ಸುಣ್ಣವನ್ನೇ ರೋಲರಿನಿಂದ ಬಳಿಯಬಾರದೆ? ಸಲ್ಲದು. ಸುಣ್ಣದ ನೀರು ಬಹಳ ತೆಳು. ರೋಲರಿನಿಂದ ಅದು ಗೋಡೆಗಿಂತ ಹೆಚ್ಚಾಗಿ ಮೊಣಕೈಗೆ ಇಳಿಯುತ್ತದೆ. ಅದರ ಕ್ಷಾರ ಉಣ್ಣೆಯ ತುಪ್ಪಳವನ್ನು ತಿಂದುಹಾಕುತ್ತದೆ. ಅಲ್ಲದೆ ಸುಣ್ಣವನ್ನು ಗಾರೆಯ ಸಂದುಗಳಿಗೆ ಉಜ್ಜಿ ಸೇರಿಸಬೇಕು. ಅದು ಕುಂಚದ ಕೆಲಸ. ಗೋಡೆಯನ್ನು ನೀರು ಚಿಮುಕಿಸಿ ನೆನಸಿ, ತೆಳುವಾಗಿ ಎರಡು ಮೂರು ಸಲ ಬಳಿದರೆ, ಅದು ಗಾಳಿಯ ಇಂಗಾಲದ ಡೈಆಕ್ಸೈಡನ್ನು ಹೀರಿ ಮತ್ತೆ ಕಲ್ಲಾಗುತ್ತದೆ. ಕಣ್ಣಿಗೆ ಮಾತ್ರ ಸುಣ್ಣ ಸಿಡಿಯದಂತೆ ಎಚ್ಚರವಿರಲಿ. ಸಿಡಿದರೆ ಉಜ್ಜದೆ, ಆ ಕ್ಷಣವೇ ಧಾರಾಳವಾಗಿ ನೀರಿನಿಂದ ತೊಳೆದು ವೈದ್ಯರಲ್ಲಿಗೆ ಹೋಗಬೇಕು.

ಇನ್ನು ಹಿಂದಿನ ಕೋಣೆಗಳು. ಇಲ್ಲಿ ರೋಲರೇ ರಾಜ. ಬಣ್ಣದ ಉದ್ಯಮ ಮೈಸೂರು ಸೀಮೆಗೆ ಹೊಸದಲ್ಲ. ನಾಲ್ವಡಿ ಕೃಷ್ಣರಾಜ ಒಡೆಯರ ಕಾಲದಲ್ಲಿ, 1937ರಲ್ಲಿ, ಮೈಸೂರಿನಲ್ಲಿ ಆರಂಭವಾದ ಅರಗಿನ ಕಾರ್ಖಾನೆಯೇ ಇಂದು ಬಣ್ಣಗಳ ಜೊತೆಗೆ ಮತದಾರರ ಬೆರಳಿನ ಶಾಯಿಯನ್ನೂ ತಯಾರಿಸುತ್ತಿದೆ. ಅದಾದ ಮೂರು ವರ್ಷಗಳಿಗೆ, 1940ರ ಸುಮಾರಿನಲ್ಲಿ, ಕೆನಡಾದ ಟೊರಾಂಟೊ ನಗರದಲ್ಲಿ ನಾರ್ಮನ್ ಬ್ರೀಕಿ ಎಂಬಾತ ಬಣ್ಣದ ರೋಲರನ್ನು ರೂಪಿಸಿದ. ಅದರಿಂದ ಲಾಭ ಪಡೆದವರು ಬೇರೆಯವರು.

ಅಂಗಡಿಯಲ್ಲಿ ಜನ ಹಿಡಿಯ ಬಣ್ಣ ನೋಡಿ ರೋಲರ್ ಕೊಳ್ಳುವುದುಂಟು. ನೋಡಬೇಕಾದದ್ದು ತುಪ್ಪಳದ ಉದ್ದ. ಗೋಡೆ ನುಣುಪಾದಷ್ಟೂ ತುಪ್ಪಳ ಗಿಡ್ಡ, ಒರಟಾದಷ್ಟೂ ಉದ್ದ ಎಂಬ ಒಂದು ಸೂತ್ರ ನೆನಪಿದ್ದರೆ ಸಾಕು. ಪುಟ್ಟಿ ಹಚ್ಚಿ ನುಣುಪು ಮಾಡಿದ ಗೋಡೆಗೆ ಕಾಲು ಅಂಗುಲ. ಸಾಧಾರಣ ಸಿಮೆಂಟ್ ಗಾರೆಗೆ ಅರ್ಧ ಅಂಗುಲದ ಆಸುಪಾಸು. ಒರಟು ಛಾವಣಿಗೆ ಮುಕ್ಕಾಲರಿಂದ ಒಂದು ಅಂಗುಲ. ಉದ್ದ ತುಪ್ಪಳ ಹೆಚ್ಚು ಬಣ್ಣ ಹೊತ್ತು ಗುಳಿಗಳ ತಳವನ್ನು ಮುಟ್ಟುತ್ತದೆ. ಗಿಡ್ಡದ್ದು ಉಬ್ಬುಗಳ ನೆತ್ತಿ ಸವರಿ ಮುಂದೆ ಹೋಗುತ್ತದೆ. ಗುಳಿಗಳು ಕಪ್ಪಗೆ ಉಳಿಯುತ್ತವೆ. ನುಣುಪು ಗೋಡೆಯ ಮೇಲೆ ಉದ್ದ ತುಪ್ಪಳ ಎಳೆದರೆ ಕಿತ್ತಳೆಯ ಸಿಪ್ಪೆಯಂಥ ಚುಕ್ಕೆಗಳು ಮೂಡುತ್ತವೆ. ನೀರಿನ ಬಣ್ಣಕ್ಕೆ ಪಾಲಿಯೆಸ್ಟರಿನಂಥ ಕೃತಕ ನೂಲು ಮೇಲು. ಸ್ಪಂಜಿನ ರೋಲರನ್ನು ಬಾಗಿಲಿನಂಥ ನುಣುಪು ಮೈಗೆ ಮೀಸಲಿಡಬೇಕು. ಅದನ್ನು ವೇಗವಾಗಿ ಉರುಳಿಸಿದರೆ ಬಣ್ಣದಲ್ಲಿ ಗುಳ್ಳೆ ಏಳುತ್ತದೆ. ಗೋಡೆಗೆ ಒಂಬತ್ತು ಅಂಗುಲ ಅಗಲದ ರೋಲರ್ ಸಾಕು. ಹಿಡಿಯ ತುದಿಗೆ ಕೋಲು ಸಿಕ್ಕಿಸುವಂತಿದ್ದರೆ ಏಣಿ ಹತ್ತಿಳಿಯುವ ಅಪಾಯ ತಪ್ಪುತ್ತದೆ.

ಬಣ್ಣ ಹಚ್ಚುವ ಮುನ್ನ ಗೋಡೆ ಒಣಗಿರಬೇಕು, ಧೂಳು ಜಿಡ್ಡು ಹೋಗಿರಬೇಕು, ಸಡಿಲವಾದದ್ದೆಲ್ಲ ಕೆರೆದಿರಬೇಕು. ಹಳೆಯ ಸುಣ್ಣದ ಹಕ್ಕಳೆಯ ಮೇಲೆಯೇ ರೋಲರ್ ಉರುಳಿಸಿದರೆ, ಅದು ಬಣ್ಣ ಕೊಡುವುದರ ಬದಲು ಹಕ್ಕಳೆಯನ್ನು ಕಿತ್ತು ತನ್ನ ಮೈಗೆ ಸುತ್ತಿಕೊಳ್ಳುತ್ತದೆ. ಬಾಗಿಲು ಕಿಟಕಿಗಳ ಹಳೆಯ ಎಣ್ಣೆ ಬಣ್ಣದ ವಿಷಯ ಇನ್ನೂ ಸೂಕ್ಷ್ಮ. ಮನೆಬಳಕೆಯ ಬಣ್ಣದಲ್ಲಿ ಸೀಸ ಹತ್ತು ಲಕ್ಷಕ್ಕೆ 90 ಭಾಗ ಮೀರಬಾರದೆಂಬ ನಿಯಮವನ್ನು ಸರ್ಕಾರ ಮಾಡಿದ್ದು 2016ರಲ್ಲಿ, ಅದು ಜಾರಿಗೆ ಬಂದದ್ದು 2017ರಲ್ಲಿ. ಅದಕ್ಕಿಂತ ಹಿಂದಿನ ಬಣ್ಣದಲ್ಲಿ ಸೀಸ ಹೆಚ್ಚಿರಬಹುದು. ಅದನ್ನು ಒಣಗಿದಂತೆಯೇ ಉಜ್ಜಿದರೆ ಎದ್ದ ಧೂಳು ಎಳೆಯ ಮಕ್ಕಳಿಗೆ ವಿಷ. ನೀರು ಹಚ್ಚಿ ಒದ್ದೆಯಾಗಿಯೇ ಉಜ್ಜಿ, ಬಿದ್ದದ್ದನ್ನು ಒದ್ದೆ ಬಟ್ಟೆಯಿಂದ ಒರೆಸಿ ತೆಗೆಯಬೇಕು. ಮಕ್ಕಳನ್ನೂ ಬಸುರಿಯರನ್ನೂ ಅತ್ತ ಸುಳಿಯಗೊಡಬಾರದು.

ಹೊಸ ರೋಲರನ್ನು ಸೋಪಿನ ನೀರಿನಲ್ಲಿ ತೊಳೆದರೆ ಬಿಡಿ ಎಳೆಗಳು ಹೋಗುತ್ತವೆ. ಇಲ್ಲವಾದರೆ ಅವು ಗೋಡೆಯ ಮೇಲೆ ಕೂದಲಿನಂತೆ ಅಂಟುತ್ತವೆ. ಮೊದಲು ಛಾವಣಿ, ಆಮೇಲೆ ಗೋಡೆ. ಮೂಲೆಗಳಿಗೂ ಅಂಚುಗಳಿಗೂ ಎರಡಂಗುಲದ ಕುಂಚದಿಂದ ಹಚ್ಚಿ, ಅದು ಒಣಗುವ ಮೊದಲೇ ರೋಲರ್ ಹಿಡಿಯಬೇಕು. ರೋಲರನ್ನು ಬಣ್ಣದಲ್ಲಿ ಮುಳುಗಿಸಬಾರದು. ತಟ್ಟೆಯ ಇಳಿಜಾರಿನಲ್ಲಿ ನಾಲ್ಕು ಬಾರಿ ಉರುಳಿಸಿ, ತೊಟ್ಟಿಕ್ಕದಷ್ಟು ಮಾತ್ರ ಕುಡಿಸಬೇಕು. ಗೋಡೆಯ ಮೇಲೆ ಎರಡು ಮೂರು ಅಡಿಯ ಅಂಕುಡೊಂಕು ಗೆರೆ ಎಳೆದು, ಅದನ್ನು ಅಡ್ಡಡ್ಡ ಹರಡಿ, ಕೊನೆಗೆ ಭಾರ ಹಾಕದೆ ಮೇಲಿನಿಂದ ಕೆಳಕ್ಕೆ ಹಗುರವಾಗಿ ಸವರಬೇಕು. ಪ್ರತಿಯೊಂದು ಪಟ್ಟಿಯೂ ಹಿಂದಿನದರ ಹಸಿ ಅಂಚನ್ನು ಮುಟ್ಟಿರಲಿ. ಅರ್ಧ ಗೋಡೆ ಮುಗಿಸಿ ಊಟಕ್ಕೆ ಎದ್ದವನ ಗೋಡೆಯಲ್ಲಿ ಊಟದ ಗುರುತು ಉಳಿಯುತ್ತದೆ.

ಒರಟು ಛಾವಣಿಗೆ ತಾಳ್ಮೆಯೇ ಮುಖ್ಯ. ಒಮ್ಮೆ ಉದ್ದಕ್ಕೆ, ಅದು ಒಣಗಿದ ಮೇಲೆ ಇನ್ನೊಮ್ಮೆ ಅಡ್ಡಕ್ಕೆ ಹಚ್ಚಿದರೆ ಗುಳಿಯ ಎಲ್ಲ ಮಗ್ಗುಲುಗಳಿಗೂ ಬಣ್ಣ ತಾಗುತ್ತದೆ. ಒತ್ತಿ ಉರುಳಿಸಿದರೆ ಬಣ್ಣ ಮೋರೆಗೆ ಸಿಡಿಯುತ್ತದೆ, ಗಾರೆಯ ಕಾಳುಗಳೂ ಉದುರುತ್ತವೆ. ತಲೆಗೆ ಬಟ್ಟೆ, ಕಣ್ಣಿಗೆ ಕನ್ನಡಕ ಇರಲಿ. ಡಬ್ಬದ ಮೇಲೆ ಅಚ್ಚಾದ ಚದರಡಿಯ ಲೆಕ್ಕ ನುಣುಪು ಗೋಡೆಯದು. ಒರಟು ಛಾವಣಿ ಅದಕ್ಕಿಂತ ಹೆಚ್ಚು ಕುಡಿಯುತ್ತದೆಂಬುದನ್ನು ಕೊಳ್ಳುವಾಗಲೇ ಎಣಿಸಬೇಕು.

ಒಂದು ಸಲ ಹಚ್ಚಿ ಮುಂದಿನದಕ್ಕೆ ಕಾಯುವಾಗ ರೋಲರನ್ನು ಪ್ಲಾಸ್ಟಿಕ್ ಚೀಲದಲ್ಲಿ ಬಿಗಿಯಾಗಿ ಸುತ್ತಿಡಬೇಕು. ಕೆಲಸ ಮುಗಿದೊಡನೆ ಬಣ್ಣ ಹಿಂಡಿ, ನೀರು ತಿಳಿಯಾಗುವವರೆಗೆ ತೊಳೆದು ತೂಗುಹಾಕಬೇಕು. ನೆಲಕ್ಕೆ ಒರಗಿಸಿದರೆ ತುಪ್ಪಳ ಒಂದೇ ಕಡೆ ಚಪ್ಪಟೆಯಾಗುತ್ತದೆ.

ಆ ಮನೆಯಲ್ಲಿ ಕೊನೆಗೆ ಮುಂಭಾಗಕ್ಕೆ ಸುಣ್ಣವಾಯಿತು, ಹಿಂಭಾಗಕ್ಕೆ ಎಮಲ್ಷನ್. ಕುಂಚ ಹಿಡಿದ ಮಗನಿಗೆ ಸುಣ್ಣದ ಹದ ಹೇಳಿದವರು ತಾಯಿ. ಹಿಂದಿನ ಕೋಣೆಯ ಒರಟು ಛಾವಣಿ ಒಂದು ಗುಳಿಯೂ ಬಿಡದೆ ಬೆಳ್ಳಗಾದುದನ್ನು ಕಂಡು, “ಇದೂ ವಾಸಿ ಕಣ್ ಮಗ” ಎಂದವರೂ ಅವರೇ. ಮದುವೆಯ ಮನೆಗೆ ಅದಕ್ಕಿಂತ ಒಳ್ಳೆಯ ಬಣ್ಣ ಬೇರೆ ಯಾವುದಿದೆ?