ಜಾಣ ಮಗುವಿನ ಗುರು

ಹೋದ ತಿಂಗಳು ಈ ಅಂಕಣದಲ್ಲಿ, ಪಾಠವನ್ನು ತಡವಾಗಿ ಗ್ರಹಿಸುವ ಮಕ್ಕಳ ವಿಷಯವಾಗಿ ನಾಲ್ಕು ಮಾತು ಬರೆದಿದ್ದೆವು. ಅದನ್ನೋದಿದ ಬಾದಾಮಿಯ ತಾಯಿಯೊಬ್ಬರು, "ಪಾಠಕ್ಕಿಂತ ಮುಂದೆ ಓಡುವ ಮಗುವಿನ ಗತಿಯೇನು?" ಎಂದು ಕೇಳಿ ಬರೆದಿರುವರು. ಪ್ರಶ್ನೆಯು ಯೋಗ್ಯವಾದುದು. ಉತ್ತರವನ್ನು ನಮ್ಮ ತಪ್ಪೊಂದರಿಂದಲೇ ಆರಂಭಿಸಬೇಕಾಗಿದೆ.

ಇಳಕಲ್ಲಿನಲ್ಲಿ ನಾವು ಐದನೆಯ ಇಯತ್ತೆಗೆ ಕಲಿಸುತ್ತಿದ್ದಾಗ ನೇಕಾರರ ಹುಡುಗನೊಬ್ಬನಿದ್ದನು. 27ನ್ನು 48ರಿಂದ ಗುಣಿಸಿರೆಂದರೆ, ಉಳಿದವರು ಪಾಟಿಯನ್ನು ಕೈಗೆತ್ತಿಕೊಳ್ಳುವಷ್ಟರಲ್ಲಿ ಅವನು 1296 ಎಂದುಬಿಡುವನು. 48ರ ಇಪ್ಪತ್ತೈದು ಪಟ್ಟು 1200, ಇನ್ನೆರಡು ಪಟ್ಟು 96; ಇಷ್ಟೇ ಅವನ ಯುಕ್ತಿ. ನಾವಾದರೋ "ರೀತಿ ಎಲ್ಲಿ?" ಎಂದು ಗದರಿಸಿ ಸೊನ್ನೆ ಹಾಕಿದೆವು. ಬೇಗ ಮುಗಿಸಿದ್ದಕ್ಕಾಗಿ ಅಂಥವೇ ಹತ್ತು ಲೆಕ್ಕಗಳನ್ನು ಹೆಚ್ಚಿಗೆ ಕೊಟ್ಟೆವು. ಅದು ಜಾಣತನಕ್ಕೆ ವಿಧಿಸಿದ ದಂಡವಾಯಿತೇ ಹೊರತು ಶಿಕ್ಷಣವಾಗಲಿಲ್ಲ. ಕ್ರಮೇಣ ಅವನು ಉತ್ತರ ಹೇಳುವುದನ್ನು ಬಿಟ್ಟನು. ಏಳನೆಯ ಇಯತ್ತೆಯ ತರುವಾಯ ಸಾಲೆಯನ್ನೇ ಬಿಟ್ಟನು. ಮನೆಯ ಬಡತನವೂ ಕಾರಣವಿದ್ದೀತು. ಆದರೆ ಅವನನ್ನು ಹಿಡಿದು ನಿಲ್ಲಿಸುವಂಥದು ನಮ್ಮ ಪಾಠದಲ್ಲಿ ಏನೂ ಇರಲಿಲ್ಲ.

ಸೇವಾವಧಿಯಲ್ಲಿ ನಾವು ಎಷ್ಟೋ ತರಬೇತಿಗಳಿಗೆ ಹೋಗಿಬಂದೆವು. ಹಿಂದುಳಿದವರನ್ನು ಮುಂದೆ ತರುವ ಬಗೆಯನ್ನು ಅಲ್ಲಿ ಕಲಿತೆವು. ಅದು ಅವಶ್ಯವೇ ಸರಿ. ಮುಂದಿರುವವನಿಗೆ ಏನು ಮಾಡತಕ್ಕದ್ದೆಂಬುದನ್ನು ಯಾರೂ ಹೇಳಲಿಲ್ಲ, ನಾವೂ ಕೇಳಲಿಲ್ಲ.

ಈ ತೊಡಕು ಇಂದಿನದಲ್ಲ. ಭವಭೂತಿಯ ಉತ್ತರರಾಮಚರಿತದ ಎರಡನೆಯ ಅಂಕದಲ್ಲಿ ಆತ್ರೇಯಿಯೆಂಬ ತಾಪಸಿಯು ವಾಲ್ಮೀಕಿಯ ಆಶ್ರಮವನ್ನು ಬಿಟ್ಟು ದಂಡಕಾರಣ್ಯಕ್ಕೆ ಬಂದಿರುವಳು. ಕುಶಲವರ ಬುದ್ಧಿಯ ವೇಗದೊಡನೆ ತನ್ನಂಥವರ ಓದು ಸಾಗದೆಂಬುದು ಅವಳು ಕೊಡುವ ಕಾರಣಗಳಲ್ಲೊಂದು. ವಾಲ್ಮೀಕಿಯ ಆಶ್ರಮದಲ್ಲಿಯೇ ಹೀಗಾದ ಮೇಲೆ, ನಮ್ಮ ಮಾಸ್ತರರಿಗೆ ಅಭ್ಯಾಸವಿಲ್ಲದೆ ಈ ವಿದ್ಯೆ ಬಂದೀತೆ?

2020ರ ರಾಷ್ಟ್ರೀಯ ಶಿಕ್ಷಣ ನೀತಿಯು, ಪ್ರತಿಯೊಬ್ಬ ಶಿಕ್ಷಕನೂ ವರ್ಷಕ್ಕೆ ಕನಿಷ್ಠ 50 ಗಂಟೆ ತನ್ನ ವೃತ್ತಿಯ ಕಲಿಕೆಗೆ ಮೀಸಲಿಡಬೇಕೆಂದಿದೆ. ಮಕ್ಕಳ ವಿಶೇಷ ಪ್ರತಿಭೆಯನ್ನು ಗುರುತಿಸಿ ಬೆಳೆಸುವ ಕ್ರಮವು ಶಿಕ್ಷಕರ ಶಿಕ್ಷಣದಲ್ಲಿ ಸೇರಬೇಕೆಂದೂ ಹೇಳಿದೆ. ನಮ್ಮ ಬಾಗಲಕೋಟೆ ಜಿಲ್ಲೆಗೆ ಇಳಕಲ್ಲಿನಲ್ಲಿಯೇ ಜಿಲ್ಲಾ ಶಿಕ್ಷಣ ಮತ್ತು ತರಬೇತಿ ಸಂಸ್ಥೆಯಿದೆ. ಆ 50 ಗಂಟೆಗಳಲ್ಲಿ ಐದಾದರೂ ಈ ವಿಷಯಕ್ಕೆ ಸಲ್ಲಲಿ ಎಂಬುದು ನಮ್ಮ ಬಿನ್ನಹ.

ಆ ಐದು ಗಂಟೆಗಳಲ್ಲಿ ಕಲಿಯತಕ್ಕದ್ದು ಮುಖ್ಯವಾಗಿ ಮೂರು. ಮೊದಲನೆಯದು, ಗುರುತಿಸುವುದು. ಹೆಚ್ಚು ಅಂಕ ಪಡೆಯುವ ಮಗುವೊಂದೇ ಪ್ರತಿಭಾವಂತವಲ್ಲ. ಅಡ್ಡಪ್ರಶ್ನೆ ಕೇಳುವ, ಬೇಸತ್ತು ತಂಟೆ ಮಾಡುವ, ಸುಮ್ಮನೆ ಕುಳಿತಿರುವ ಮಗುವೂ ಆಗಿರಬಹುದು. ಎರಡನೆಯದು, ಕೆಲಸವನ್ನು ಹೆಚ್ಚಿಸದೆ ಆಳವನ್ನು ಹೆಚ್ಚಿಸುವುದು. ಬಾದಾಮಿಯ ಮೂರನೆಯ ಗುಹೆಯ ಶಾಸನದ ಕಾಲ ಶಕ 500. ಐಹೊಳೆಯ ಮೇಗುಟಿ ಗುಡಿಯ ಶಾಸನದ್ದು ಶಕ 556. ತರಗತಿಯವರೆಲ್ಲ 78 ಕೂಡಿಸಿ ಕ್ರಿಸ್ತಶಕ 578 ಮತ್ತು 634 ಎಂದು ಬರೆಯಲಿ. ಬೇಗ ಮುಗಿಸಿದ ಮಗುವಿಗೆ ಅಂಥವೇ ಹತ್ತು ವರ್ಷಗಳನ್ನು ಕೊಡುವುದು ಬೇಡ, "78ನ್ನೇ ಏಕೆ ಕೂಡಿಸಿದೆವು? ಚೈತ್ರಕ್ಕೆ ಮುಂಚೆ ಬರುವ ಜನವರಿಯಲ್ಲಿಯೂ ಈ ಲೆಕ್ಕ ಸರಿಯಾದೀತೆ?" ಎಂದು ಕೇಳೋಣ. ಮೂರನೆಯದು, "ನನಗೂ ತಿಳಿಯದು, ಕೂಡಿ ನೋಡೋಣ" ಎನ್ನುವ ಧೈರ್ಯ. ಇದು ಎಲ್ಲಕ್ಕಿಂತ ಕಠಿಣವೆಂಬುದನ್ನು ನಾವು ಬಲ್ಲೆವು.

ತಾಯಿತಂದೆಗಳಿಗೂ ಒಂದು ಮಾತು. ಮಗುವನ್ನು ನೆಂಟರೆದುರು ನಿಲ್ಲಿಸಿ ಅದರ ಜಾಣತನವನ್ನು ಪ್ರದರ್ಶಿಸಬೇಡಿರಿ. ಅದು ಮನೆಯಲ್ಲಿ ಕೇಳುವ ಪ್ರಶ್ನೆಗಳನ್ನು ಬರೆದಿಟ್ಟು ಮಾಸ್ತರರಿಗೆ ತೋರಿಸಿರಿ.

ಮೊನ್ನೆ ಇಳಕಲ್ಲಿನ ಪೇಟೆಯಲ್ಲಿ ಆ ಹುಡುಗನು ಭೇಟಿಯಾದನು; ಈಗ ಮಗ್ಗದ ಯಜಮಾನ. ನಮಸ್ಕರಿಸಿ, "ಮಾಸ್ತರ, ನನ್ನ ಮಗಳೂ ಬಾಯಿಲೇನೇ ಲೆಕ್ಕಾ ಹೇಳತಾಳ್ರಿ. ಆಕಿಗೆ ಬೈಬ್ಯಾಡ್ರಿ ಅಂತ ಸಾಲ್ಯಾಗ ಒಂದು ಮಾತು ಹೇಳ್ರಿ" ಎಂದನು. ನಮಗೆ ಕೂಡಲೇ ಮಾತು ಹೊರಡಲಿಲ್ಲ.

ಮರುದಿನ ಆ ಸಾಲೆಗೆ ಹೋದೆವು. ಅಲ್ಲಿಯ ತರುಣ ಶಿಕ್ಷಕಿಯು ಎಲ್ಲವನ್ನೂ ಕೇಳಿ, "ಬೈಯೂದಿಲ್ರಿ ಸರ್. ಆದರ ಆಕಿಗೆ ಏನು ಕೊಡಬೇಕ್ರಿ?" ಎಂದಳು. ಆ ವಯಸ್ಸಿನಲ್ಲಿ ನಮಗೆ ಈ ಪ್ರಶ್ನೆ ಹುಟ್ಟಿರಲಿಲ್ಲ. ಬರುವ ಶನಿವಾರ ಸಾಲೆ ಬಿಟ್ಟ ಮೇಲೆ ನಾವಿಬ್ಬರೂ ಕುಳಿತು ಆ ಹುಡುಗಿಗಾಗಿ ಲೆಕ್ಕಗಳನ್ನು ಆರಿಸತಕ್ಕವರಿದ್ದೇವೆ.