ಪಂಚಮಿಗೆ ಸೀರೆ ಜೊತೆ ಗಂಬೂಟೂ ಬರಲಿ

ನಾಗರ ಪಂಚಮಿ ಬಂತೆಂದರೆ ನಮ್ಮ ಭಾಲ್ಕಿ, ಔರಾದ್ ಕಡೆಯ ಹಳ್ಳಿಗಳಲ್ಲಿ ಹೆಣ್ಣುಮಕ್ಕಳು ಸಾಲಾಗಿ ಹುತ್ತಕ್ಕೆ ಹೋಗುತ್ತಾರೆ. ಹಾಲೆರೆದು, ಅರಳು ಹಾಕಿ, ಕೈ ಕೈ ಹಿಡಿದು ಸುತ್ತು ತಿರುಗುತ್ತ ಹಾಡುತ್ತಾರೆ. ಗಡಿಯಾಚೆ ಮರಾಠಿಯವರು ಇದನ್ನೇ ಫೇರ್ ಅನ್ನುತ್ತಾರೆ. ಕರಾವಳಿಯ ನಾಗಮಂಡಲಕ್ಕೆ ಬಣ್ಣದ ಪುಡಿಯ ಮಂಡಲ ಬೇಕು, ಪಾತ್ರಿ ಬೇಕು, ವೈದ್ಯರ ಡಕ್ಕೆ ಬೇಕು. ನಮ್ಮಲ್ಲಿ ಹಾಡು ಎತ್ತಿಕೊಡುವ ಒಬ್ಬ ಅವ್ವ ಇದ್ದರೆ ಸಾಕು.

ಈ ಕುಣಿತ ನಿಲ್ಲಬಾರದು. ಆದರೆ ಕುಣಿದ ಕಾಲು ಮರುದಿನ ಎಲ್ಲಿರುತ್ತದೆ ನೋಡಿ. ಸೋಯಾ, ತೊಗರಿ, ಉದ್ದಿನ ಹೊಲದಲ್ಲಿ ಕಸ ತೆಗೆಯುತ್ತಿರುತ್ತದೆ, ಎಷ್ಟೋ ಸಲ ಚಪ್ಪಲಿಯೂ ಇಲ್ಲದೆ. ಹಾವು ಹೆಚ್ಚು ಹೊರಬೀಳುವುದೂ ಇದೇ ಮಳೆಗಾಲದಲ್ಲಿ.

ಕಚ್ಚಿದರೆ ಇಂದಿಗೂ ಕೆಲವರು ಮೊದಲು ಓಡುವುದು ಮಂತ್ರ ಹಾಕುವವನ ಹತ್ತಿರ. ಎಷ್ಟೋ ಸಲ ಕಚ್ಚಿದ ಹಾವಿಗೆ ವಿಷವೇ ಇರುವುದಿಲ್ಲ. ಹಾಗೆ ಬದುಕಿದವರನ್ನು ನಾವು ಮಂತ್ರದ ಲೆಕ್ಕಕ್ಕೆ ಬರೆಯುತ್ತೇವೆ. ನಾಗರ, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕರ ವಿಷಕ್ಕೂ ಇರುವ ಮದ್ದು ಆಸ್ಪತ್ರೆಯ ಇಂಜೆಕ್ಷನ್ ಒಂದೇ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಅಧಿಸೂಚಿತ ಕಾಯಿಲೆ ಎಂದು ಘೋಷಿಸಿತು. ಅಂದರೆ ಪ್ರತಿ ಕಡಿತ, ಪ್ರತಿ ಸಾವನ್ನೂ ಆಸ್ಪತ್ರೆಯವರು ವರದಿ ಮಾಡಲೇಬೇಕು. ಆಸ್ಪತ್ರೆಗೇ ಹೋಗದೆ ಸತ್ತವಳು ಆ ಲೆಕ್ಕಕ್ಕೆ ಬರುವುದು ಹೇಗೆ? ಲೆಕ್ಕದಲ್ಲಿಲ್ಲದ ಊರು ತನಗೆ ಮದ್ದು ಬೇಕೆಂದು ಯಾವ ಬಾಯಿಂದ ಕೇಳಬೇಕು?

ಊರಿನ ಹೆಣ್ಣುಮಕ್ಕಳೆಲ್ಲ ಒಂದೇ ಕಡೆ ಸೇರುವ ದಿನ ವರ್ಷಕ್ಕೆ ಎಷ್ಟು ಸಿಗುತ್ತವೆ? ಆಶಾ ಕಾರ್ಯಕರ್ತೆಯೂ ಅದೇ ಸಾಲಿನಲ್ಲಿ ಕೈ ಹಿಡಿದು ನಿಂತಿರುತ್ತಾಳೆ. ಹಳೇ ಧಾಟಿಗೆ ನಾಲ್ಕು ಹೊಸ ನುಡಿ ಸೇರಿಸಿ ಹಾಡಲಿ: ಬಿಗಿದು ಕಟ್ಟಬೇಡಿ, ಗಾಯ ಕೊಯ್ಯಬೇಡಿ, ಬಾಯಿಂದ ಹೀರಬೇಡಿ, ಕಾಲು ಅಲ್ಲಾಡಿಸದೆ 108ಕ್ಕೆ ಫೋನ್ ಮಾಡಿ. ಹಾಡಿನಲ್ಲಿ ಕಲಿತದ್ದು ಗಾಬರಿಯಲ್ಲೂ ನೆನಪಿಗೆ ಬರುತ್ತದೆ.

ಗಂಡಸರಿಗೂ ಕೆಲಸವಿದೆ. ಹತ್ತಿರದ ಆರೋಗ್ಯ ಕೇಂದ್ರದಲ್ಲಿ ಇಂಜೆಕ್ಷನ್ ಇದೆಯೋ ಇಲ್ಲವೋ ಎಂದು ಪಂಚಾಯಿತಿ ಸದಸ್ಯರು ಹಬ್ಬಕ್ಕೆ ಮೊದಲೇ ಕೇಳಿಕೊಂಡು ಬರಲಿ. ಅಲ್ಲಿ ಇಲ್ಲದಿದ್ದರೆ ನೇರ ಭಾಲ್ಕಿ, ಔರಾದ್ ತಾಲ್ಲೂಕು ಆಸ್ಪತ್ರೆಗೆ ಹೋಗಬೇಕೋ, ಬೀದರ್ ಬ್ರಿಮ್ಸ್‌ಗೆ ಹೋಗಬೇಕೋ ಎಂಬುದು ಊರಿಗೆಲ್ಲ ಗೊತ್ತಿರಲಿ. ಪಂಚಮಿಗೆ ತಂಗಿಯನ್ನು ತವರಿಗೆ ಕರೆಯಲು ಹೋಗುವ ಅಣ್ಣಂದಿರೇ, ಈ ಸಲ ಸೀರೆಯ ಜೊತೆ ಒಂದು ಜೊತೆ ಗಂಬೂಟು, ಒಂದು ಬ್ಯಾಟರಿಯನ್ನೂ ಕೊಡಿ. ಮುಂದಿನ ಪಂಚಮಿಗೂ ಅವಳು ಬಂದು ಕುಣಿಯಬೇಕಲ್ಲ.