ಮುಂದಿನ ಕ್ಯಾರಿಯರ್ ಕೊಳ್ಳೋ ಮೊದಲು ಫೋರ್ಕ್ ನೋಡಿ ಸ್ವಾಮಿ

ಚಳಿ ಶುರುವಾಯ್ತು ಅಂದ್ರೆ ವಿಶಾಖಪಟ್ಟಣದ ನಮ್ಮ ಕನ್ನಡದ ಹುಡುಗರಿಗೆ ಸೈಕಲ್ ಹುಚ್ಚು ಏರುತ್ತೆ. "ಅಂಕಲ್, ವಿಜಯವಾಡಕ್ಕೆ ಸೈಕಲ್‌ನಲ್ಲೇ ಹೋಗೋಣ ಅಂತಿದೀವಿ. ಮುಂದಿನ ಕ್ಯಾರಿಯರ್ ಯಾವ ಕಂಪನಿದು ತಗೊಳ್ಳೋದು?" ಅಂತ ಕೇಳ್ತಾರೆ.

ಕಂಪನಿ ಹೆಸರು ಕೊನೆಗೆ ಕೇಳೋ ಮಾತು. ಮೊದಲು ಕೇಳಬೇಕಾದ್ದು ಎರಡು. ನಿಮ್ಮ ಸೈಕಲ್ಲಿನ ಫೋರ್ಕ್ ಎಂಥದ್ದು? ಕ್ಯಾರಿಯರ್ ದಾರೀಲಿ ಮುರಿದ್ರೆ ಅದನ್ನ ಬೆಸೆದು ಕೊಡೋರು ಯಾರು?

ಮುನ್ನೂರೈವತ್ತು ಕಿಲೋಮೀಟರ್ ದಾರಿ ಇದು. 2010ರವರೆಗೆ ಎನ್‌ಎಚ್ 5 ಅಂತಿದ್ದ ಈಗಿನ ಎನ್‌ಎಚ್ 16. ಅನಕಾಪಲ್ಲಿ, ತುನಿ, ಅನ್ನವರಂ ದಾಟೋವರೆಗೆ ಏರು ತಗ್ಗು. ಆಮೇಲೆ ಗೋದಾವರಿ ಬಯಲು, ರಾವುಲಪಾಲೆಂ, ತಾಡೇಪಲ್ಲಿಗೂಡೆಂ, ಏಲೂರು. ಉದ್ದಕ್ಕೂ ಲಾರಿಗಳು. ಪಕ್ಕದಲ್ಲಿ ಲಾರಿ ಹಾದಾಗ ಬೀಸೋ ಗಾಳಿಗೆ ಹ್ಯಾಂಡಲ್ ಒಮ್ಮೆ ನಡುಗುತ್ತೆ. ಎಲ್ಲಾ ಸಾಮಾನೂ ಹಿಂದೆ ಹೇರಿದ್ರೆ ಏರಿನಲ್ಲಿ ಮುಂದಿನ ಚಕ್ರ ಹಗುರಾಗಿ ಆಚೀಚೆ ಓಲಾಡುತ್ತೆ. ಹ್ಯಾಂಡಲ್‌ಗೇ ಬುಟ್ಟಿ ಕಟ್ಟಿ ತುಂಬಿದ್ರೆ ಪ್ರತಿ ತಿರುವಲ್ಲೂ ಆ ಭಾರ ನಿಮ್ಮ ಕೈ ಎಳೆಯುತ್ತೆ. ಅದಕ್ಕೇ ಸ್ವಲ್ಪ ಭಾರ ಮುಂದಕ್ಕೆ ಬರಬೇಕು, ಬಂದದ್ದು ಕೆಳಗಿರಬೇಕು, ಚಕ್ರದ ಎರಡೂ ಪಕ್ಕ ಸಮನಾಗಿ, ಹಬ್ಬಿನ ಮಟ್ಟಕ್ಕೆ. ಇಂಥ ಕ್ಯಾರಿಯರ್‌ಗೆ ಲೋರೈಡರ್ ಅಂತಾರೆ. ಹೆಸರು ಹೊಸದು ಅನ್ನಿಸಬಹುದು. ನಮ್ಮೂರ ಹಾಲಿನವನು ಹಿಂದಿನ ಚಕ್ರದ ಎರಡೂ ಬದಿಗೆ ಕ್ಯಾನ್ ಇಳಿಬಿಟ್ಟು ಊರೆಲ್ಲ ಸುತ್ತುತ್ತಿದ್ದದ್ದು ಇದೇ ಲೆಕ್ಕದ ಮೇಲೆ.

ನಾನೂ ಒಮ್ಮೆ ಕ್ಯಾಟಲಾಗ್ ಚಿತ್ರ ನೋಡಿಯೇ ಮೋಸ ಹೋದವನು. 2018ರ ಡಿಸೆಂಬರ್. ಹೊಳೆಯೋ ಅಲ್ಯುಮಿನಿಯಂ ಕ್ಯಾರಿಯರ್, ಸಸ್ಪೆನ್ಷನ್ ಫೋರ್ಕಿಗೆ ಕ್ಲಾಂಪ್ ಹಾಕಿ ಕೂರಿಸಿಕೊಟ್ಟಿದ್ರು. "ಏನೂ ಆಗಲ್ಲ ಸಾರ್" ಅಂದಿದ್ದ ಅಂಗಡಿಯವನು. ತುನಿ ಹತ್ತಿರ ಒಂದು ಗುಂಡಿಗೆ ಇಳಿದದ್ದಷ್ಟೇ, ಎಡಗಡೆ ಕಾಲು ಪಟ್ ಅಂತ ಮುರಿದು ಚೀಲ ಸ್ಪೋಕ್‌ಗೆ ಸಿಕ್ಕಿಕೊಳ್ತು. ಚಕ್ರ ಅಲ್ಲೇ ನಿಂತಿತು, ನಾನು ನಿಲ್ಲಲಿಲ್ಲ. ಹಿಂದಿದ್ದ ಲಾರಿಯವನು ಬ್ರೇಕ್ ಹೊಡೆದದ್ದರಿಂದ ಈಗ ಇಲ್ಲಿ ಕೂತು ಬರೀತಿದೀನಿ. ಹಿಂದಿನ ಕ್ಯಾರಿಯರ್ ಮುರಿದ್ರೆ ಸಾಮಾನು ಬೀಳುತ್ತೆ. ಮುಂದಿನದು ಮುರಿದ್ರೆ ನೀವು ಬೀಳ್ತೀರಿ. ಈ ವ್ಯತ್ಯಾಸ ಯಾವ ಅಂಗಡಿಯವನೂ ನಿಮಗೆ ಹೇಳಲ್ಲ.

ಮೊಣಕಾಲಿಗೆ ಬಟ್ಟೆ ಸುತ್ತಿಕೊಂಡು ರಸ್ತೆ ಪಕ್ಕದ ವೆಲ್ಡಿಂಗ್ ಶೆಡ್ಡಿಗೆ ಹೋದೆ. ಅಲ್ಲಿದ್ದ ಹಿರಿಯ ಮುರಿದ ತುಂಡು ತಿರುಗಿಸಿ ನೋಡಿ, "ಇದಿ ಅಲ್ಯುಮಿನಿಯಂ ಅಂಡಿ, ಇಕ್ಕಡ ಅವ್ವದು" ಅಂದ. ಇಲ್ಲಿ ಆಗಲ್ಲ ಅಂತ. ಸರಿಯಾದ ಮಾತು. ಅಲ್ಯುಮಿನಿಯಂ ಬೆಸೆಯೋಕೆ ಆರ್ಗಾನ್ ಗ್ಯಾಸಿನ ಟಿಗ್ ಮೆಷಿನ್ ಬೇಕು, ಹಳ್ಳಿ ಶೆಡ್ಡಲ್ಲಿ ಅದೆಲ್ಲಿಂದ ಬರಬೇಕು? ಮೇಲಾಗಿ ಅಲ್ಯುಮಿನಿಯಂ ಪ್ರತಿ ಕುಲುಕಾಟಕ್ಕೂ ಒಳಗೊಳಗೇ ಸ್ವಲ್ಪ ಸ್ವಲ್ಪ ದಣಿಯುತ್ತೆ, ಸುಳಿವು ಕೊಡದೆ ಒಂದು ದಿನ ಮುರಿಯುತ್ತೆ. ಕಬ್ಬಿಣ ಸಾಮಾನ್ಯವಾಗಿ ಮೊದಲು ಬಗ್ಗುತ್ತೆ. ಬಗ್ಗಿದ್ದನ್ನ ಕಲ್ಲಲ್ಲಿ ಬಡಿದಾದ್ರೂ ನೆಟ್ಟಗೆ ಮಾಡಬಹುದು.

"ಆದ್ರೆ ಸ್ಟೀಲ್ ಭಾರ ಅಲ್ವಾ ಅಂಕಲ್?" ಲೆಕ್ಕ ಹಾಕೋಣ ಬನ್ನಿ. ಮನೆ ಕಟ್ಟಿಸಿದವರಿಗೆಲ್ಲ ಗೊತ್ತಿರೋ ಸೂತ್ರ: ಕಂಬಿಯ ದಪ್ಪವನ್ನ ಮಿಲಿಮೀಟರ್‌ನಲ್ಲಿ ತಗೊಂಡು ವರ್ಗ ಮಾಡಿ 162ರಿಂದ ಭಾಗಿಸಿದ್ರೆ ಮೀಟರಿಗೆ ಎಷ್ಟು ಕೆಜಿ ಅಂತ ಸಿಗುತ್ತೆ. 8 ಮಿಮೀ ಕಂಬಿಗೆ ಮೀಟರಿಗೆ 395 ಗ್ರಾಂ. ಒಂದು ಜೋಡಿ ಲೋರೈಡರ್‌ಗೆ ಎರಡೂವರೆ ಮೀಟರ್ ಹಿಡಿದ್ರೂ ಒಂದು ಕೆಜಿ. ಜರ್ಮನಿಯ ಟ್ಯೂಬಸ್ ಕಂಪನಿಯ ಟಾರಾ ಅರ್ಧ ಕೆಜಿ ಆಸುಪಾಸು, ಹದಿನೈದು ಕೆಜಿ ಹೊರುತ್ತೆ. ಅಂದ್ರೆ ನೀವು ಹೆದರೋ ಹೆಚ್ಚಿನ ಭಾರ ಅರ್ಧ ಲೀಟರ್ ನೀರಿನ ಬಾಟಲಿಯಷ್ಟು! ಇನ್ನೊಂದು ತಮಾಷೆ ಕೇಳಿ, ಆ ಟಾರಾ ಕೂಡ ಸ್ಟೀಲೇ. ಕ್ರೋಮೋಲಿ ಸ್ಟೀಲ್ ಕೊಳವೆ. ದುಡ್ಡಿದ್ದವರು ಅದನ್ನೇ ತಗೊಳ್ಳಿ, ನನ್ನ ತಕರಾರಿಲ್ಲ. ಉಕ್ಕಿನ ಕಾರ್ಖಾನೆ ಇರೋ ಊರಲ್ಲಿ, ಕಂಬಿ ಎಳೆಯೋ ಮಿಲ್ಲೇ ಇರೋ ಊರಲ್ಲಿ ಕೂತು ಸ್ಟೀಲ್ ಅಂದ್ರೆ ಮೂಗು ಮುರಿಯೋರ ಮೇಲೆ ನನ್ನ ಸಿಟ್ಟು.

ದುಡ್ಡಿಲ್ಲದವರಿಗೆ ಆಟೋನಗರ ಇದೆ. ವಿಜಯವಾಡದ್ದು ದೊಡ್ಡದು, ಲಾರಿ ಬಾಡಿಯನ್ನೇ ಕಟ್ಟೋ ಜನ ಅಲ್ಲಿದ್ದಾರೆ. ನಮ್ಮ ವಿಶಾಖಪಟ್ಟಣದಲ್ಲೂ ಗಾಜುವಾಕ ಕಡೆ ಒಂದಿದೆ. ಸೈಕಲ್ ತಳ್ಳಿಕೊಂಡು ಹೋಗಿ, ಚೀಲವನ್ನೂ ಜೊತೆಗೆ ಒಯ್ಯಿರಿ, ಅಳತೆ ಅಲ್ಲೇ ಹಿಡಿಸಿ. ಹೇಳಬೇಕಾದ್ದು ಇಷ್ಟು. ಫೋರ್ಕಿನ ತುದಿಯ ತೂತಿಗೆ ಒಂದು ಬೋಲ್ಟ್, ನಡುವಿನ ತೂತಿಗೆ ಇನ್ನೊಂದು. ನಡುವೆ ತೂತಿಲ್ಲದ ಸ್ಟೀಲ್ ಫೋರ್ಕಿಗೆ ರಬ್ಬರ್ ಸುತ್ತಿ ಯು ಕ್ಲಾಂಪ್. ಎರಡೂ ಬದಿ ಸೇರಿಸೋಕೆ ಟಯರ್ ಮೇಲೊಂದು ಕಮಾನು. ನೈಲಾಕ್ ನಟ್ಟೇ ಹಾಕಬೇಕು. ಚೀಲದ ಕೆಳತುದಿ ಸಿಕ್ಕಿಸೋಕೆ ಕೊಕ್ಕೆ ಬೇಕೇ ಬೇಕು, ಇಲ್ಲದಿದ್ರೆ ಅದು ಸ್ಪೋಕ್ ಕಡೆ ತೂಗಾಡುತ್ತೆ. ಸಮುದ್ರದ ಗಾಳಿಗೆ ತುಕ್ಕು ಹಿಡಿಯೋದು ಬೇಗ, ರೆಡ್ ಆಕ್ಸೈಡ್ ಬಳಿದೇ ಬಣ್ಣ ಹೊಡೆಸಿ. ಫೋರ್ಕಿಗೇ ನೇರ ವೆಲ್ಡ್ ಮಾಡ್ತೀನಿ ಅಂದ್ರೆ ಮಾತ್ರ ಕೈ ಮುಗಿದು ಎದ್ದು ಬನ್ನಿ. ಆ ಶಾಖಕ್ಕೆ ಫೋರ್ಕೇ ದುರ್ಬಲ ಆಗುತ್ತೆ.

ಕಾರ್ಬನ್ ಫೋರ್ಕ್ ಇದ್ರೆ ಕೊರೆಯೋದು, ಕ್ಲಾಂಪ್ ಬಿಗಿಯೋದು ಎರಡೂ ಬೇಡ. ಕಂಪನಿಯೇ ತೂತು ಕೊಟ್ಟು ಇಷ್ಟು ಭಾರ ಅಂತ ಬರೆದಿದ್ರೆ ಅಷ್ಟೇ ಹೇರಿ. ಸಸ್ಪೆನ್ಷನ್ ಇದ್ರೆ ಅದಕ್ಕೆಂದೇ ಮಾಡಿದ ಕ್ಯಾರಿಯರ್ ಹುಡುಕಿ. ಸಿಗದಿದ್ರೆ ಮುಂದೆ ಏನೂ ಬೇಡ, ಸಾಮಾನು ಕಮ್ಮಿ ಮಾಡಿ. ಟೂರಿಂಗ್ ಸೈಕಲ್ ಅಂತ ಹೆಸರಿಟ್ಟು ಫೋರ್ಕಿಗೆ ಎರಡು ತೂತು ಕೊಡದೆ ಮಾರೋರಿಗೆ ನಾಚಿಕೆ ಆಗಬೇಕು. ಅದನ್ನ ಕೇಳದೆ ಕೊಳ್ಳೋ ನಮಗೂ ಆಗಬೇಕು.

ಹೊರಡೋ ಮೊದಲು ಚೀಲ ತುಂಬಿ ಊರಲ್ಲೇ ಇಪ್ಪತ್ತು ಕಿಲೋಮೀಟರ್ ಓಡಿಸಿ, ಪ್ರತಿ ಬೋಲ್ಟನ್ನೂ ಮತ್ತೊಮ್ಮೆ ಬಿಗಿ ಮಾಡಿ. ಹಳೇ ಕಾಲದವನು ಅಂತ ಬೈಯೋದಿದ್ರೆ ಬೈಯಿರಿ, ಪರವಾಗಿಲ್ಲ. ವಿಜಯವಾಡ ಮುಟ್ಟಿ, ಕೃಷ್ಣೆಗೆ ಕೈ ಮುಗಿದು, ಆಮೇಲೆ ಬೈಯಿರಿ.